ಹೆಬ್ಬೆಟ್ಟಿನ ಒಪ್ಪಿಗೆ

ಅಜ್ಜಿಯ ಬುಟ್ಟಿಯನ್ನು ಹೊರಗೆ ಒಯ್ಯುತ್ತಿದ್ದಾಗ ಒಣಸೀಗಡಿಯ ವಾಸನೆ ಮೂಗಿಗೆ ಬಡಿದು ಚೈತ್ರಾ ಬಾಗಿಲಲ್ಲೇ ನಿಂತಳು. ಚಿಕ್ಕಂದಿನಲ್ಲಿ ಈ ವಾಸನೆಯ ಸೆರಗು ಹೊದ್ದೇ ಅವಳು ನಿದ್ದೆ ಹೋಗುತ್ತಿದ್ದಳು. ವಿನೋಬನಗರದ ಓಣಿಗಳಲ್ಲಿ ನಲವತ್ತು ವರ್ಷ ಒಣಮೀನು ಮಾರಿದ ಅಜ್ಜಿ ದುರುಗವ್ವ ಈಗ ಹಣೆತುಂಬ ಭಂಡಾರ ಹಚ್ಚಿಸಿಕೊಂಡು ಪಡಸಾಲೆಯಲ್ಲಿ ಮಲಗಿದ್ದಳು.

“ಅಜ್ಜಿ ಓದ್ದೇ ಮೀನು ಮಾರಿದ್ಲು. ಮೊಮ್ಮಗಳು ಅದಕ್ಕೂ ಎಂಎಸ್ಸಿ ಮಾಡ್ತಾಳೆ,” ಎಂದ ದೊಡ್ಡಪ್ಪ ಬಂಗಾರಪ್ಪ.

“ಮಾರಾಕಲ್ರಿ, ಸಮುದ್ರದ ಜೀವಿಗಳ ಬಗ್ಗೆ ಓದ್ತಾಳೆ,” ಎಂದಳು ಎದುರುಮನೆಯ ಖತೀಜಾಬೀ.

“ಎರಡೂ ನಾರ್ತಾವ ಬಿಡವ್ವ.”

ಸತ್ತ ಮನೆಯಲ್ಲೂ ಒಂದಿಬ್ಬರು ನಕ್ಕರು. ಚೈತ್ರಾ ನಗಲಿಲ್ಲ. ನಾಳೆ ಬೆಳಿಗ್ಗೆ ಕಾರವಾರದಲ್ಲಿ ದೋಣಿ ಹತ್ತಬೇಕು. ಸಮುದ್ರದ ಮೇಲಿನ ಆ ಪ್ರಾಕ್ಟಿಕಲ್ ತಪ್ಪಿದರೆ ಒಂದು ವರ್ಷವೇ ಹೋದಂತೆ. ಅಪ್ಪ ಪರಶುರಾಮನಿಗೆ ದೋಣಿಯ ವಿಷಯವೇ ಗೊತ್ತಿಲ್ಲ. ಅವನು ಎಂಟು ವರ್ಷದವನಿದ್ದಾಗ ಅವನಪ್ಪ ಹರಿಹರದ ಹೊಳೆಗೆ ಬಲೆ ಹಾಕಲು ಹೋದವನು ತಿರುಗಿ ಬಂದಿರಲಿಲ್ಲ. ಮಗಳು ಗಾಜಿನ ತೊಟ್ಟಿಯ ಮೀನು ನೋಡಿಕೊಂಡು ಓದುತ್ತಾಳೆಂದೇ ಅವನು ನಂಬಿದ್ದ.

*

ಹಿಂದಿನ ತಿಂಗಳು, ದೋಣಿ ಹತ್ತಲು ಕೊಡಬೇಕಾದ ಕಾಲೇಜಿನ ಒಪ್ಪಿಗೆ ಪತ್ರಕ್ಕೆ ಮನೆಯ ಹಿರಿಯರ ಸಹಿ ಬೇಕಿತ್ತು. ಅಜ್ಜಿ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಕಾಗದಕ್ಕೆ ತಾಗಿಸದೆ ಎತ್ತಿ ಹಿಡಿದಿದ್ದಳು.

“ಹೆದರಿಕೆ ಆಗ್ತೈತೇನಜ್ಜಿ?”

“ಆಗ್ದೆ ಇರ್ತೈತೇನು? ನನ್ ಹೆದರಿಕೆ ನನ್ ಹತ್ರಾನೇ ಇರ್ಲಿ. ನೀನು ಓದು.” ಒತ್ತಿದಳು. “ನಿಮ್ಮಪ್ಪಂಗೆ ನಾನೇ ಹೇಳ್ತೀನಿ ತಗಾ.”

ಹೇಳುವ ಮೊದಲೇ ಹೋಗಿಬಿಟ್ಟಳು.

*

ಹರಿಹರದ ಹೊಳೆದಂಡೆಯಲ್ಲಿ ಮಣ್ಣು ಮಾಡಿ ಎಲ್ಲರೂ ಸ್ನಾನಕ್ಕೆ ಇಳಿದರು. ಚೈತ್ರಾ ಮೊಣಕಾಲುದ್ದ ನೀರಿಗೆ ಹೋಗುತ್ತಲೇ ಅಪ್ಪ ಅವಳ ಮಣಿಕಟ್ಟು ಹಿಡಿದ, ಬಳೆ ಒತ್ತಿ ನೋಯುವಷ್ಟು.

“ಸಾಕು. ಇಲ್ಲೇ ಮುಳುಗು.”

ಇದು ಹೇಳುವ ಹೊತ್ತಲ್ಲವೆಂದು ಗೊತ್ತಿದ್ದೂ ಅವಳು ಹೇಳಿಬಿಟ್ಟಳು: ಸಂಜೆಯ ಬಸ್ಸು, ನಾಳೆಯ ದೋಣಿ, ಅಜ್ಜಿಯ ಹೆಬ್ಬೆಟ್ಟು.

ಅಪ್ಪ ಹಿಡಿದ ಕೈ ಬಿಡಲಿಲ್ಲ.

“ಹಾಲುತುಪ್ಪ ಆಗೋತನಕ ಮನೆ ಮಕ್ಳು ಊರು ದಾಟಂಗಿಲ್ಲ,” ಎಂದ ಹಿಂದೆ ನಿಂತಿದ್ದ ಬಂಗಾರಪ್ಪ. “ಅದು ಆಗೋದು ಮೂರನೇ ದಿನಕ್ಕೆ. ಅದ್ರಾಗೆ ನೀರಿನ ಮೇಲೆ ಹೋಗ್ತಾಳಂತೆ. ಬುದ್ಧಿ ಹೇಳೋ, ಪರಶುರಾಮ.”

ಹೊಳೆಯಿಂದ ಮರಳಿದಾಗ ಸೂತಕದ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಖತೀಜಾಬೀ ತಂದ ಅನ್ನ, ಬೇಳೆಸಾರು ಎಲ್ಲರ ತಟ್ಟೆಗೂ ಬಿದ್ದು ಪಾತ್ರೆ ಬರಿದಾಗಿತ್ತು. ಚೈತ್ರಾ ಊಟಕ್ಕೆ ಕೂರದೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆ ಹಿಡಿದಿದ್ದಳು. ಬಸ್ಸಿಗೆ ಇನ್ನು ಮುಕ್ಕಾಲು ಗಂಟೆ. ಅಪ್ಪ ಇನ್ನೂ ಹೂಂ ಅಂದಿರಲಿಲ್ಲ.

ಅಪ್ಪ ತನ್ನ ತಟ್ಟೆ ಮುಟ್ಟಿರಲಿಲ್ಲ. ಬಂಗಾರಪ್ಪ ನೋಡುತ್ತಿದ್ದಂತೆಯೇ ಎದ್ದು ಒಳಗಿನಿಂದ ಒಂದು ಡಬ್ಬಿ ತಂದ. ತಟ್ಟೆಯ ಅನ್ನವನ್ನೆಲ್ಲ ಅದಕ್ಕೆ ತುಂಬಿದ. ಮುಚ್ಚಳ ಒತ್ತಿ, ಸಾರು ಸೋರೀತೆಂದು ಇನ್ನೊಮ್ಮೆ ಒತ್ತಿ, ಅವಳ ಮುಖ ನೋಡದೆ ಕೈಗಿತ್ತ.