ಸೀತಾರಾಮನಿಗೆ ಹೇಳದ ಕಾಯಿಲೆ

೨೦೦೮ರಲ್ಲಿ ಹುಬ್ಬಳ್ಳಿಯಲ್ಲಿ ನನ್ನ ಹೆಂಡತಿ ಪರಿಮಳಾಳ ಗರ್ಭಕೋಶ ತೆಗೆದರು. ಅದರ ಬಾಯಿಗೆ ಕ್ಯಾನ್ಸರ್ ಆಗಿತ್ತು. ಊರಿನಲ್ಲಿ ನಾನು ಅಪೆಂಡಿಕ್ಸ್ ಎಂದೆ. ಸಿದ್ದಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಜೀವಶಾಸ್ತ್ರ ಕಲಿಸಿದ ಮೇಷ್ಟ್ರು ನಾನು! ಸಂತಾನೋತ್ಪತ್ತಿಯ ಪಾಠ ಬಂದರೆ “ಮನೆಯಲ್ಲಿ ಓದಿಕೊಳ್ಳಿ” ಎಂದು ಗದರಿಸಿ ಪುಟ ಮಗುಚುತ್ತಿದ್ದವನು.

ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಲು ಡಾಕ್ಟರು ಚೀಟಿ ಕೊಟ್ಟರು. “ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯದು ಏರಿ ಇನ್ನೊಂದು ಇಳಿದರೆ ರೋಗ ಮರಳುತ್ತಿರಬಹುದು. ಅಷ್ಟರಿಂದಲೇ ಖಚಿತ ಹೇಳಲಾಗದು. ಆದರೆ ಏರುಪೇರು ಕಂಡ ಕೂಡಲೇ ಬನ್ನಿ” ಎಂದಿದ್ದರು.

ಶಿರಸಿಯಲ್ಲಿ ಲ್ಯಾಬ್ ಇಟ್ಟವನು ನನ್ನ ಅಕ್ಕನ ಮಗ ಸೀತಾರಾಮ. ಅಕ್ಕ ತೀರಿಕೊಂಡು ವರ್ಷಗಳಾಗಿದ್ದವು. ಅವನಿಗೆ ತಿಳಿದರೆ ನೆಂಟರಿಗೆಲ್ಲ ತಿಳಿದಂತೆ. ಈ ರೋಗ ಬಂದ ಹೆಂಗಸಿನ ನಡತೆಯ ಬಗ್ಗೆ ಜನ ಏನೇನೋ ಆಡುತ್ತಾರೆ. ಡಾಕ್ಟರ ಚೀಟಿಯನ್ನು ಕಿಸೆಯಲ್ಲೇ ಇಟ್ಟು, ಪರೀಕ್ಷೆಗಳ ಹೆಸರನ್ನಷ್ಟೇ ಬೇರೆ ಕಾಗದಕ್ಕೆ ಇಳಿಸಿ ಕೊಟ್ಟೆ. ಕಾರಣ ಕೇಳಿದ್ದಕ್ಕೆ “ಸುಸ್ತು” ಎಂದೆ.

ಎರಡನೆಯ ಸಲದ ವರದಿ ನೋಡಿ ಸೀತಾರಾಮ, “ಎಲ್ಲೋ ಸೋಂಕು ಇದ್ದಂಗೆ ಕಾಣ್ತು, ಮಾವ” ಎಂದ. ಸೋಂಕು! ಎಷ್ಟು ಮರ್ಯಾದಸ್ಥ ಶಬ್ದ. ಏರಿದ್ದು ಯಾವುದು, ಇಳಿದದ್ದು ಯಾವುದು ಎಂದು ನನಗೆ ಓದಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಆದರೂ ಸಿದ್ದಾಪುರದಲ್ಲೇ ಹತ್ತು ದಿನದ ಮಾತ್ರೆ ಕೊಡಿಸಿ, ಮುಂದಿನ ಪರೀಕ್ಷೆಯನ್ನೂ ಮಾಡಿಸದೆ ಸುಮ್ಮನಾದೆ. ಹುಬ್ಬಳ್ಳಿಗೆ ಹೋದದ್ದು ನಾಲ್ಕು ತಿಂಗಳ ಮೇಲೆ, ಅವಳ ಕಾಲು ಬಾತು ಸೊಂಟ ನೋಯತೊಡಗಿದಾಗ. ರೋಗ ಮರಳಿತ್ತು.

“ಈ ವರದಿ ಬಂದಾಗಲೇ ಯಾಕೆ ಬರಲಿಲ್ಲ?” ಡಾಕ್ಟರು ಕೇಳಿದರು.

“ಲ್ಯಾಬಿನವನು ಸೋಂಕು ಅಂದ” ಎಂದೆ. ಪರಿಮಳಾ ಪಕ್ಕದಲ್ಲೇ ಕೂತಿದ್ದಳು.

ವಿಕಿರಣ ಚಿಕಿತ್ಸೆಗೆ ಮೊದಲು ಮತ್ತೆ ರಕ್ತ ಕೊಡಬೇಕಿತ್ತು. ಶಿರಸಿಯ ಲ್ಯಾಬಿನಲ್ಲಿ ಕುರ್ಚಿಯ ಮೇಲೆ ಕೂತವಳೇ ಅವಳು, “ಸೀತಾರಾಮ, ಎಂಗೆ ಆಗಿದ್ದು ಅಪೆಂಡಿಕ್ಸ್ ಅಲ್ಲ, ಗರ್ಭಕೋಶದ ಕ್ಯಾನ್ಸರ್. ಈಗ ತಿರುಗಿ ಬಂದಿದ್ದು. ಡಾಕ್ಟರ ಹತ್ರ ನಿನ್ನ ಮಾವ ತಪ್ಪು ನಿನ್ನ ಮೇಲೆ ಹಾಕಿದ. ನಿನ್ನ ತಪ್ಪು ಎಂತೂ ಇಲ್ಲೆ” ಎಂದಳು.

ಸೀತಾರಾಮ ಸಿರಿಂಜು ಕೆಳಗಿಟ್ಟ. ಸಿಟ್ಟಾಗುತ್ತಾನೆ ಎಂದುಕೊಂಡೆ. ಆಗಿದ್ದರೆ ಒಳ್ಳೆಯದಿತ್ತು.

“ಎನ್ನ ಆಯಿಗೂ ಇದೇ ಆಗಿತ್ತು, ಅತ್ತೆ” ಎಂದ. ಅವನ ಆಯಿ ಎಂದರೆ ನನ್ನ ಅಕ್ಕ. “ಹೊಟ್ಟೆಹುಣ್ಣು ಹೇಳಿ ಅಪ್ಪಯ್ಯ ಎಲ್ಲರಿಗೂ ಹೇಳಿದ್ದ, ಮಾವಂಗೂ. ಅದಕ್ಕೇ ಆನು ಈ ಕೆಲಸ ಕಲಿತದ್ದು. ಗೊತ್ತಿದ್ದಿದ್ರೆ ಅವತ್ತೇ ನಿಂಗಳ ಹುಬ್ಬಳ್ಳಿಗೆ ಕಳಸ್ತಿದ್ದೆ.”

ಪರಿಮಳಾ ತೋಳು ಚಾಚಿದಳು. ಅವಳ ಇನ್ನೊಂದು ಕೈ ಹಿಡಿಯಬೇಕೆನಿಸಿತು, ಧೈರ್ಯವಾಗಲಿಲ್ಲ.