ಬೀಗರ ಊಟದ ಬ್ಯಾನರು

ಮದ್ದೂರಿನ ಫ್ಲೆಕ್ಸ್ ಅಂಗಡಿಯಲ್ಲಿ ದೀಪಿಕಾ ಆರು ವರ್ಷದಿಂದ ಡಿಸೈನರು. ಆ ಸೋಮವಾರ ಮಾತ್ರ ಅವಳ ಕೈಗೆ ಕೆಲಸವಿರಲಿಲ್ಲ. ಮಾಲೀಕ ಶಶಿಧರ್ ಹೊಸದಾಗಿ ಎಐ ಹಾಕಿಸಿದ್ದ. ಬಾಯಲ್ಲಿ ಹೇಳಿದರೆ ಅರೆ ನಿಮಿಷದಲ್ಲಿ ಚಿತ್ರ ಸಿದ್ಧ.

"ಇದೇ ಎಲ್ಲಾ ಮಾಡ್ಬುಟ್ರೆ, ಮುಂದಿನ ತಿಂಗ್ಳಿಂದ ನೀನು ಬ್ಯಾರೆ ಕಡೆ ನೋಡ್ಕಬೇಕಾಯ್ತದೆ ಕಣಮ್ಮ," ಎಂದಿದ್ದ, ಅವಳ ಮುಖ ನೋಡದೆ.

ಮೊದಲ ಗಿರಾಕಿಯಾಗಿ ಬಂದವಳು ಕೊಕ್ಕರೆ ಬೆಳ್ಳೂರಿನ ದೇವಿರಮ್ಮ. ಮಗನ ಮದುವೆ ಮುಗಿದಿತ್ತು. ಹೆಣ್ಣಿನ ಕಡೆಯವರನ್ನು ಕರೆದು ಬಾಡೂಟ ಹಾಕುವ ಬೀಗರ ಊಟಕ್ಕೆ ಬ್ಯಾನರು ಬೇಕಿತ್ತು.

ಶಶಿಧರ್ ಗತ್ತಿನಿಂದ ಮೈಕಿಗೆ ಹೇಳಿದ: "ಬೀಗರ ಊಟ. ಬಾಳೆ ಎಲೆ. ಭರ್ಜರಿಯಾಗಿರಲಿ."

ಪರದೆಯ ಮೇಲೆ ಹಸಿರೆಲೆ ಹಾಸಿಕೊಂಡಿತು. ಎಲೆಯ ತುಂಬ ಫಳಫಳ ಹೊಳೆಯುವ ಹಿತ್ತಾಳೆ ಬೀಗಗಳು! ಉಪ್ಪಿನಕಾಯಿಯ ಜಾಗದಲ್ಲಿ ಒಂದು ಗೊಂಚಲು ಬೀಗದ ಕೈ.

"ಏನ್ಲಾ ಶಶಿ ಇದು? ಬಾಯ್ಗೆ ಬೀಗ ಆಕ್ಕಂಡು ಬನ್ನಿ ಅಂತ ಕರೀಲಾ? ಮದ್ವೇಲಿ ನಮ್ಮೋರು ಕೊಂಕಾಡುದ್ರು ಅಂತ ಮೊದ್ಲೇ ಬೀಗ್ತಿ ಮೂತಿ ತಿರುಗುಸ್ಕಂಡವ್ಳೆ!"

ಶಶಿಧರ್ ಬೆವರೊರೆಸಿಕೊಂಡು, "ಬೀಗರು ಅಂದ್ರೆ ನೆಂಟರು," ಎಂದು ತಿದ್ದಿದ. ಈ ಸಲ ಅನ್ನ, ಹಪ್ಪಳ, ಲಾಡು ಬಂದವು.

"ಮುದ್ದೆ ಎಲ್ಲಿ? ಬಾಡೆಲ್ಲಿ? ಇದೇನ್ ಮಠದ ಊಟವಾ?"

ದೀಪಿಕಾಗೆ ನಗು ತಡೆಯಲಾಗಲಿಲ್ಲ. ಎದ್ದು ಬಂದು ಕೇಳಿದಳು: "ದೊಡ್ಡವ್ವ, ಅವತ್ತು ಮೊದ್ಲು ಯಾರ ಎಲೆಗೆ ಬಡುಸ್ತೀರ?"

"ಬೀಗ್ತಿ ಎಲೆಗೆ. ನಾನೇ ಮುದ್ದೆ ಇಕ್ತೀನಿ. ಅವ್ಳು ಬ್ಯಾಡ ಅಂತ ಕೈ ಅಡ್ಡ ಇಡ್ತಾಳೆ. ನಾನು ಬುಡ್ತೀನಾ? ಬೆರಳ ಸಂದೀಲೇ ಸಾರು ಬುಡ್ತೀನಿ!"

ಹೇಳುತ್ತ ಹೇಳುತ್ತ ದೇವಿರಮ್ಮನ ಮುಖ ಸಡಿಲವಾಯಿತು. ದೀಪಿಕಾ ಮೈಕು ಹತ್ತಿರಕ್ಕೆಳೆದು, ಅಜ್ಜಿಯರು ಕತೆ ಹೇಳುವ ಹಾಗೆ, ಅವಸರವಿಲ್ಲದೆ ಎಲ್ಲವನ್ನೂ ಯಂತ್ರಕ್ಕೆ ಹೇಳಿದಳು: ಇಬ್ಬರು ಹೆಂಗಸರು, ಒಬ್ಬಳ ಹಟ, ಇನ್ನೊಬ್ಬಳ ಹುಸಿಮುನಿಸು, ನಡುವೆ ಹಬೆಯಾಡುವ ಮುದ್ದೆ.

ಚಿತ್ರ ಬಂತು. ಮುದ್ದೆ ನಿಂಬೆಹಣ್ಣಿನಷ್ಟಿತ್ತು, ತಾನೇ ತಿದ್ದಿ ದೊಡ್ಡದು ಮಾಡಿದಳು. ಕೆಳಗೆ ಬರೆದಳು: 'ಬೀಗಿತಿ ಕೈ ಅಡ್ಡ ಇಟ್ಟರೂ ಬಿಡುವುದಿಲ್ಲ.'

ದೇವಿರಮ್ಮ ಕಣ್ಣೊರೆಸಿಕೊಂಡಳು. "ಅವ್ಳೇ ಕಣವ್ವ! ಇದ ನೋಡುದ್ರೆ ನಕ್ಬುಡ್ತಾಳೆ. ದೊಡ್ಡದಾಗೇ ಪ್ರಿಂಟ್ ಒಡ್ಸು."

ಅವಳು ಹೋದ ಮೇಲೆ ಶಶಿಧರ್ ತಲೆ ಕೆರೆದುಕೊಂಡ. "ಗಿರಾಕಿ ಮಾತು ನೀನೇ ಕೇಳಮ್ಮ. ಮಿಷಿನ್‌ಗೂ ನೀನೇ ಯೋಳು. ಎಲ್ಲೂ ಓಗ್ಬ್ಯಾಡ."

"ಅಂಗಾರೆ ಗಿರಾಕಿಗೆ ಇಲ್ಲೊಂದು ಕುರ್ಚಿ ಆಕ್ಸಣ್ಣ. ನಿಂತ್ಕಂಡು ಯಾರೂ ಮನೆ ಮಾತಾಡಕಿಲ್ಲ."

ಶಶಿಧರ್ ಕುರ್ಚಿ ತರಲು ಹೊರಟ.