ಹೆಬ್ಬಟ್ಟು ಒಳಗ

"ಹೆಬ್ಬಟ್ಟು ಒಳಗ. ಮುಷ್ಟಿ ಕಟ್ಟಲೇ ಹೇಸಿ ಮಗನ. ಈಗ ಕೆಳಗ ಮಣಸು."

ಮಣಸು ಅನ್ನುವುದು ಬಾಯಿಮಾತು. ಮಣಿಸುವವನು ಕೊಟ್ರೇಶನೇ. ನನ್ನ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿರುಬೆರಳಿನ ಕಡೆ ಒತ್ತಿದ. ಹೆಬ್ಬಟ್ಟಿನ ಬುಡದಿಂದ ಮೊಳಕೈತನಕ ಕಾದ ಸೂಜಿ ಎಳೆದಂತಾಯಿತು. ನಾಲಿಗೆ ಕಚ್ಚಿಕೊಂಡು, ಗೋಡೆಯ ಮೇಲೆ ನಗುತ್ತಿದ್ದ ಯಾರದೋ ಮದುವೆ ಫೋಟೊ ನೋಡುತ್ತ ನಿಂತೆ.

"ಬ್ಯಾನಿ ಆಗತೈತೇನ?"

"ಇಲ್ರಿ ಅಣ್ಣಾರ."

"ಮತ್ತ ಮಾರಿ ಯಾಕ ಬೆವತೈತಿ?"

"ಸೆಕಿ ಐತ್ರಿ."

ಬಿಟ್ಟ. "ಜಮೀರ್ಯಾ ಪಾಸು. ಮುಂದ ಬಾರಲೇ," ಎಂದು ನನ್ನ ಹಿಂದಿನವನನ್ನು ಕರೆದ.

ಇದು ಡಾಕ್ಟರುಗಳು ಮಾಡುವ ಪರೀಕ್ಷೆ. ಅವರು ರೋಗ ಪತ್ತೆಹಚ್ಚಿ ಔಷಧ ಕೊಡಲು ಮಾಡುತ್ತಾರೆ. ಕೊಟ್ರೇಶ ಮೊಬೈಲಿನಲ್ಲಿ ನೋಡಿ ಕಲಿತದ್ದು ರೋಗಿಗಳನ್ನು ಹೆಕ್ಕಿ ಮನೆಗೆ ಅಟ್ಟಲು. ಮದುವೆ ಸೀಜನ್ ಶುರುವಾಗುವ ಮುಂಚೆ ರಾಣೇಬೆನ್ನೂರಿನ ಅವನ ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಡಿಯುವವರೆಲ್ಲ ಸಾಲಾಗಿ ನಿಂತು ಮುಷ್ಟಿ ಕೊಡಬೇಕು. ಹೋದ ವರ್ಷ ಬಾಬಾಜಾನ ಚಾಚಾ ಚೀರಿಬಿಟ್ಟರು. ಕೊಟ್ರೇಶನ ಮದುವೆಯನ್ನೇ ಕ್ಯಾಮೆರಾದಲ್ಲಿ ಹಿಡಿದ ಕೈ ಅದು. "ಹೋಗೋ ಮುದುಕಾ, ಈ ಕೈ ಇನ್ನ ಮಾರಿಮ್ಯಾಗಿನ ನೊಣಾ ಹೊಡಿಯಾಕೂ ಬರಂಗಿಲ್ಲ," ಅಂದಿದ್ದ. ನಾವೆಲ್ಲ ನಕ್ಕೆವು. ನಗದಿದ್ದರೆ ನಮ್ಮ ಮುಷ್ಟಿ ಇನ್ನೊಮ್ಮೆ ಹಿಡಿದಾನೆಂಬ ಹೆದರಿಕೆ. ಈಗ ಚಾಚಾನ ಅಂಗಿಯ ಗುಂಡಿಯನ್ನು ಸೊಸೆ ಹಾಕುತ್ತಾಳೆ.

ನಮ್ಮೂರು ಅಗಡಿಗೆ ಬಂದು ಊಟಕ್ಕೆ ಕುಂತೆ. ರೊಟ್ಟಿ ಮುರಿಯಲು ಹೆಬ್ಬಟ್ಟು ಬೇಕು. ಎಡಗೈಯಲ್ಲಿ ಉಣ್ಣುವುದು ನಮ್ಮಲ್ಲಿಲ್ಲ. ನಾಲ್ಕು ಬೆರಳಲ್ಲಿ ರೊಟ್ಟಿ ಕೆರೆಯುತ್ತಿದ್ದುದನ್ನು ಹೆಂಡತಿ ಬೇನಜೀರ ನೋಡಿದಳು.

"ಹಾವೇರಿ ಡಾಕ್ಟರ್ ಏನಂದ್ರು? ಖರೇ ಹೇಳ್ರಿ."

"ಆರು ವಾರ ಕ್ಯಾಮೆರಾ ಎತ್ತಬ್ಯಾಡ ಅಂದ್ರು. ಎತ್ತಿದರ ನರ ಕೊಯ್ದು ಬಿಡಸಬೇಕಂತ."

"ಮತ್ತ?"

"ಆರು ವಾರ ಮನ್ಯಾಗ ಕುಂತರ ಸೀಜನ್ ಮುಗೀತೈತಿ. ನನ್ನ ಜಾಗಾದಾಗ ಮತ್ತೊಬ್ಬ ನಿಂತಿರ್ತಾನ."

ಅವಳು ತಾಟನ್ನು ತನ್ನತ್ತ ಎಳೆದುಕೊಂಡು ರೊಟ್ಟಿಯನ್ನು ಚೂರು ಚೂರು ಮಾಡಿ ಪಲ್ಯೆಯಲ್ಲಿ ಕಲಸಿ ಕೊಟ್ಟಳು. ಮೂವತ್ತೊಂದು ವರ್ಷದ ಗಂಡಸಿಗೆ ಕೂಸಿನ ಊಟ. ನನಗೆ ನಾಚಿಕೆಗಿಂತ ಭಯವೇ ಹೆಚ್ಚಾಯಿತು.

ಮರುದಿನ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ನಿಜಲಿಂಗಪ್ಪನ ಮಗಳ ಮದುವೆ. ಬೆಳಿಗ್ಗೆ ಏಳರಿಂದ ಕ್ಯಾಮೆರಾ ಕಟ್ಟಿದ ಗಿಂಬಲ್ ಕೋಲು ನನ್ನ ಕೈಯಲ್ಲಿ. ಚಿತ್ರ ಅಲುಗಬಾರದೆಂದು ಮಾಡಿದ ಕೋಲು ಅದು. ಅಲುಗಾಟವೆಲ್ಲ ನಮ್ಮ ಮಣಿಕಟ್ಟಿಗೆ. ರೆಕಾರ್ಡ್ ಬಟನ್ ಹೆಬ್ಬಟ್ಟಿನ ಕೆಳಗೇ ಇರುತ್ತದೆ. ಹನ್ನೊಂದರ ಹೊತ್ತಿಗೆ ನೋವು ನಿಂತುಹೋಯಿತು. ಹೆಬ್ಬಟ್ಟೇ ಇಲ್ಲದಂತಾಯಿತು. ನೋವಿದ್ದಾಗ ಇಷ್ಟು ಹೆದರಿರಲಿಲ್ಲ.

ವಧೂವರರ ಮೇಲೆ ಅಕ್ಷತೆಯ ಅಕ್ಕಿಕಾಳು ಹಾಕುವ ಹೊತ್ತು. ಸ್ಟ್ಯಾಂಡಿನ ಕ್ಯಾಮೆರಾದ ಮುಂದೆ ಬೀಗರೆಲ್ಲ ಗೋಡೆಯಂತೆ ನಿಂತಿದ್ದರು. ಚಿತ್ರ ಹಿಡಿಯಲು ಉಳಿದವನು ನಾನೊಬ್ಬ. ಬಟನ್ ಒತ್ತಿದೆ. ಒತ್ತಿತೋ ಇಲ್ಲವೋ ಬೆರಳಿಗೆ ತಿಳಿಯಲಿಲ್ಲ. ಮತ್ತೊಮ್ಮೆ ಒತ್ತಿದೆ. ಪರದೆಯ ಕೆಂಪು ಚುಕ್ಕಿ ನೋಡಬೇಕೆನ್ನುವಷ್ಟರಲ್ಲಿ ನಿಜಲಿಂಗಪ್ಪ ಕಾಲರ್ ಹಿಡಿದು ಎಳೆದ.

"ಏ ಸಾಬ, ಮಂತ್ರ ಹೇಳೋ ಅಯ್ನೋರ ಮುಂದ ಕುಂಡಿ ಮಾಡಿ ನಿಂತೀಯಲ್ಲಲೇ. ಸರಿ ಅತ್ತಾಗ."

ಸರಿದೆ. ಅಕ್ಕಿಕಾಳು ಬಿದ್ದವು. ಕಣ್ಣಿಗೆ ಬೆವರಿಳಿಯುತ್ತಿತ್ತು, ಆದರೂ ಕೈ ಅಲುಗಿಸಲಿಲ್ಲ. ಎಲ್ಲ ಮುಗಿದ ಮೇಲೆ ಬಂದ್ ಮಾಡಲು ಬಟನ್ ಒತ್ತಿ, ವೇದಿಕೆಯ ಹಿಂದೆ ಹೋಗಿ ಕ್ಯಾಮೆರಾವನ್ನು ಕುರ್ಚಿಯ ಮೇಲೆ ಇಟ್ಟೆ. ತಣ್ಣನೆ ನೀರಿನ ಬಾಟಲಿಯನ್ನು ಮಣಿಕಟ್ಟಿಗೆ ಒತ್ತಿಕೊಂಡದ್ದೇ ತಪ್ಪಾಯಿತು. ಕೊಟ್ರೇಶ ಬಂದ.

"ಹೆಬ್ಬಟ್ಟು ಒಳಗ."

"ಅಣ್ಣಾರ, ಇಲ್ಲಿ ಬ್ಯಾಡ್ರಿ. ಮಂದಿ ಅದಾರ."

ಅವನೇ ನನ್ನ ಹೆಬ್ಬಟ್ಟನ್ನು ಮಡಚಿ, ಮುಷ್ಟಿ ಹಿಡಿದು ಕೆಳಗೆ ಒತ್ತಿದ. ಸತ್ತ ಬೆರಳಿಗೆ ಜೀವ ಬಂತು. ಚೀರಿದೆ. ಬಡಿಸಲು ನಿಂತಿದ್ದ ಹೆಂಗಸರು ತಿರುಗಿ ನೋಡಿದರು.

"ಬೋಳಿಮಗನ, ಬ್ಯಾನಿ ಮುಚ್ಚಿಟ್ಟು ನನಗ ಟೋಪಿ ಹಾಕೀದಿ. ಇವತ್ತಿಂದು ಮುಗಿಸಿ ಹೋಗು. ನಾಳಿ ಅಂಗಡಿ ಮೆಟ್ಟಲ ಹತ್ತಿದರ ಕಾಲ ಮುರೀತೇನಿ. ಬಾಬಾಜಾನನ ಬಾಜೂಕ ಕುಂದ್ರು ಹೋಗು."

ಆಗ ಕುರ್ಚಿಯ ಮೇಲಿನ ಕ್ಯಾಮೆರಾ ಕಂಡಿತು. ಅದು ನಮ್ಮನ್ನೇ ನೋಡುತ್ತಿತ್ತು. ಮೂಲೆಯಲ್ಲಿ ಕೆಂಪು ಚುಕ್ಕಿ ಉರಿಯುತ್ತಿತ್ತು.

ಅಕ್ಕಿಕಾಳಿನ ಹೊತ್ತಿಗೆ ಎರಡು ಸಲ ಒತ್ತಿದ್ದೆ. ಮೊದಲ ಒತ್ತಿಗೆ ಶುರು, ಎರಡನೆಯದಕ್ಕೆ ಬಂದ್. ಅಲ್ಲಿಂದ ಎಲ್ಲ ಉಲ್ಟಾ. ಅಕ್ಕಿಕಾಳು ಬಿದ್ದದ್ದು ರೆಕಾರ್ಡಿನಲ್ಲಿ ಬಂದಿಲ್ಲ. ಬಂದ್ ಮಾಡಿದೆ ಅಂದುಕೊಂಡಾಗಿನಿಂದ ಇಲ್ಲಿಯವರೆಗಿನದೆಲ್ಲ ಬಂದಿದೆ. ಎಡಗೈಯಿಂದ ಮೆಲ್ಲಗೆ ಬಂದ್ ಮಾಡಿದೆ.

ಅಷ್ಟರಲ್ಲಿ ನಿಜಲಿಂಗಪ್ಪ ಬಂದ. "ಕೊಟ್ರೇಶಿ, ಮಂದ್ಯಾಗ ಏನೂ ಕಾಣಲಿಲ್ಲ ಅಂತ ನಮ್ಮವ್ವ ಅಳಾಕತ್ಯಾಳ. ಅಕ್ಕಿಕಾಳ ಬಿದ್ದದ್ದನ್ನ ಆ ದೊಡ್ಡ ಪಡದಿ ಮ್ಯಾಗ ಹಾಕಸು."

"ಈಗ ಹಾಕಸ್ತೇನ್ರಿ ಯಜಮಾನ್ರ," ಕೊಟ್ರೇಶನ ಮುಖದಲ್ಲಿ ಬೇರೆಯೇ ನಗೆ. "ಹೋಗಲೇ, ಕಾರ್ಡ್ ಹಚ್ಚು. ಲಗೂ."

ಕ್ಯಾಮೆರಾದಿಂದ ತೆಗೆದ ಮೆಮೊರಿ ಕಾರ್ಡ್ ಉಗುರಿಗಿಂತ ತುಸು ದೊಡ್ಡದು. ನಡುಬೆರಳು ತೋರುಬೆರಳಿನ ಸಂದಿಯಲ್ಲಿ ಹಿಡಿದು ನಡೆದೆ. ಗಟಾರಕ್ಕೆ ಒಗೆದು ಓಡಿಬಿಡಬಹುದಿತ್ತು. ಓಡಿದರೆ? ಬೆರಳು ಸತ್ತಿತ್ತು ಅಂದರೆ ಇಂಥ ದಿನಗಳಲ್ಲಿ ಯಾರು ನಂಬುತ್ತಾರೆ. ಸಾಬ ಬೇಕಂತಲೇ ಮಾಡ್ಯಾನ ಅಂತಾರೆ. ನಿಜಲಿಂಗಪ್ಪನ ಕಡೆಯ ಹುಡುಗರು ಅಗಡಿತನಕ ಬರುತ್ತಾರೆ, ಬೇನಜೀರ ಒಬ್ಬಳೇ ಇದ್ದಾಳೆ. ನನ್ನ ಕೈಗೆ ಏನಾಗಿದೆ ಅನ್ನುವುದಕ್ಕೆ ಇಲ್ಲಿ ಸಾಕ್ಷಿ ಇದ್ದದ್ದು ಆ ಕಾರ್ಡಿನಲ್ಲಿ ಮಾತ್ರ.

ಮಂಟಪದ ದೊಡ್ಡ ಪರದೆಗೆ ಜೋಡಿಸಿದ್ದ ಲ್ಯಾಪ್‌ಟಾಪಿಗೆ ಕಾರ್ಡ್ ಹಾಕಿದೆ. ಕೊನೆಯ ತುಣುಕು ಆರಿಸಿದೆ. ಧ್ವನಿಯನ್ನು ಪೂರ್ತಿ ಏರಿಸಿ ಒತ್ತಿದೆ.

ಮೊದಲು ನೆಲ, ನನ್ನ ಬರಿಗಾಲು, ಜಮಖಾನೆಯ ಮೇಲೆ ಚೆಲ್ಲಿದ ಅಕ್ಕಿ. ಆಮೇಲೆ ಕುರ್ಚಿಯ ಎತ್ತರದಿಂದ ಎರಡು ಕೈ, ನಡುವೆ ಒಂದು ಮುಷ್ಟಿ. ಇಡೀ ಮಂಟಪಕ್ಕೆ ಕೇಳುವಂತೆ "ಹೆಬ್ಬಟ್ಟು ಒಳಗ." ಆಮೇಲೆ ನನ್ನ ಚೀರು. ಓಲಗ ನಿಂತಿತು. ಕೊಟ್ರೇಶ ಕುರ್ಚಿಗಳನ್ನು ಕೆಡವುತ್ತ ಓಡಿ ಬರುತ್ತಿದ್ದ.

ಮುಂದಿನ ಸಾಲಿನಲ್ಲಿ ನಿಜಲಿಂಗಪ್ಪನ ತಾಯಿ ಪ್ರೇಮವ್ವ ಮೂಗಿನ ಮೇಲಿನ ಚಾಳೀಸು ಸರಿಮಾಡಿಕೊಂಡಳು. "ಇದ್ಯಾರ ಕೈಯೋ ಯಪ್ಪಾ, ಹಿಂಗ್ಯಾಕ ಮುರಿಯಾಕತ್ಯಾನ?"

"ನಂದರಿ ಅವ್ವಾರ," ಅಂದೆ. ಹಿಂದಿನಿಂದ ಕೊಟ್ರೇಶನ ಕೈ ನನ್ನ ಕುತ್ತಿಗೆಗೆ ಬಿತ್ತು. ನಾನು ಲ್ಯಾಪ್‌ಟಾಪಿನ ಮೇಲೆ ಮೈ ಚೆಲ್ಲಿ ಅದನ್ನು ಅವುಚಿ ಹಿಡಿದೆ.